ಅರ್ಹತಾ ಸುತ್ತಿಲ್ಲದ ಕ್ರೀಡಾಕೂಟ ಮಂಗಳೂರಿಗೂ ಆಗಿಬರುತ್ತದೆ

ಸಂಪಾದಕರಿಗೆ,

ಮಾನ್ಯರೇ,

ಗೇ ಗೇಮ್ಸ್ ಎಂಬ ಅಂತರರಾಷ್ಟ್ರೀಯ ಕ್ರೀಡೆ–ಸಂಸ್ಕೃತಿ ಉತ್ಸವದ ಮಾತು ಬಂದಾಗಲೆಲ್ಲ ನಮ್ಮ ಕಡೆ ಎರಡು ಪ್ರಶ್ನೆ ಏಳುತ್ತವೆ. ಲೈಂಗಿಕ ಅಲ್ಪಸಂಖ್ಯಾತರಿಗೆಂದೇ ಬೇರೆ ಕೂಟ ಯಾಕೆ? ಅಲ್ಲಿ ಓಡಬೇಕಾದರೆ ತಾನು ಯಾರೆಂದು ಬರೆದುಕೊಡಬೇಕೇ? ಎರಡನೆಯದಕ್ಕೆ ಉತ್ತರ ಚಿಕ್ಕದು: ಬೇಡ. 18 ತುಂಬಿದ ಯಾರು ಬೇಕಾದರೂ ಶುಲ್ಕ ಕಟ್ಟಿ ಹೆಸರು ನೋಂದಾಯಿಸಬಹುದು. ಸಲಿಂಗಿಯೇ, ಅಲ್ಲವೇ ಎಂದು ಯಾರೂ ಪರೀಕ್ಷಿಸುವುದಿಲ್ಲ. ಅರ್ಹತಾ ಸುತ್ತಿಲ್ಲ, ಕನಿಷ್ಠ ಸಮಯದ ಷರತ್ತಿಲ್ಲ, ರಾಷ್ಟ್ರೀಯ ಸಂಸ್ಥೆಯ ಆಯ್ಕೆಪಟ್ಟಿಯೂ ಇಲ್ಲ. ಮೊದಲನೆಯ ಪ್ರಶ್ನೆಗೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

1968ರ ಮೆಕ್ಸಿಕೊ ಒಲಿಂಪಿಕ್ಸ್‌ನ ಡೆಕಥ್ಲಾನ್‌ನಲ್ಲಿ ಆರನೆಯ ಸ್ಥಾನ ಪಡೆದ ಅಮೆರಿಕದ ವೈದ್ಯ ಟಾಮ್ ವಾಡೆಲ್ ಇದನ್ನು ಕಟ್ಟಿದವರು. ಮೊದಲ ಕೂಟ 1982ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ನಡೆಯಿತು. ಹೆಸರಿನಲ್ಲಿದ್ದ ‘ಒಲಿಂಪಿಕ್’ ಎಂಬುದನ್ನು ಅಲ್ಲಿನ ಒಲಿಂಪಿಕ್ ಸಮಿತಿ ನ್ಯಾಯಾಲಯಕ್ಕೆ ಹೋಗಿ, ಉದ್ಘಾಟನೆಗೆ ಕೆಲವೇ ವಾರ ಇರುವಾಗ ತೆಗೆಸಿಹಾಕಿತು. ಆ ವ್ಯಾಜ್ಯ ಅಮೆರಿಕದ ಸುಪ್ರೀಂ ಕೋರ್ಟಿನವರೆಗೆ ಹೋಗಿ 1987ರಲ್ಲಿ ಸಮಿತಿಯ ಪರವಾಗಿಯೇ ಮುಗಿಯಿತು. ಅದೇ ವರ್ಷ ಜುಲೈಯಲ್ಲಿ ವಾಡೆಲ್ ಏಡ್ಸ್‌ನಿಂದ ತೀರಿಕೊಂಡರು. ಆದರೆ ಅವರು ಹಾಕಿಕೊಟ್ಟ ಪದ್ಧತಿ ಉಳಿಯಿತು. ನಾಲ್ಕು ವರ್ಷಕ್ಕೊಮ್ಮೆ, 1986ರಲ್ಲಿ ಮತ್ತೆ ಸ್ಯಾನ್ ಫ್ರಾನ್ಸಿಸ್ಕೊ, ಆಮೇಲೆ ವ್ಯಾಂಕೂವರ್, ನ್ಯೂಯಾರ್ಕ್, ಆಮ್‌ಸ್ಟರ್‌ಡ್ಯಾಂ, ಸಿಡ್ನಿ, ಶಿಕಾಗೊ, ಕಲೋನ್, ಕ್ಲೀವ್‌ಲ್ಯಾಂಡ್, ಪ್ಯಾರಿಸ್ ಎಂದು ಊರು ಬದಲಾಯಿಸುತ್ತ ಬಂದು, ಕೋವಿಡ್‌ನಿಂದ ಒಂದು ವರ್ಷ ಮುಂದೂಡಿ, 2023ರ ನವೆಂಬರಿನಲ್ಲಿ ಹಾಂಗ್‌ಕಾಂಗ್ ಮತ್ತು ಮೆಕ್ಸಿಕೊದ ಗ್ವಾದಲಹಾರ ಎರಡೂ ಕಡೆ ಒಟ್ಟಿಗೆ ನಡೆಯಿತು. ಏಷ್ಯಾದ ನೆಲದಲ್ಲಿ ಅದೇ ಮೊದಲು. 2026ರ ಆತಿಥ್ಯ ಸ್ಪೇನಿನ ವೆಲೆನ್ಸಿಯಾ ನಗರದ್ದು.

ಬೇರೆ ಕೂಟ ಯಾಕೆ ಎಂಬವರು ನಮ್ಮದೇ ದೇಶದ ಎರಡು ಹೆಸರುಗಳನ್ನು ನೆನೆದರೆ ಸಾಕು. 2006ರ ದೋಹಾ ಏಷ್ಯನ್ ಗೇಮ್ಸ್‌ನ 800 ಮೀಟರ್ ಓಟದಲ್ಲಿ ಬೆಳ್ಳಿ ಗೆದ್ದ ಶಾಂತಿ ಸೌಂದರರಾಜನ್ ಅವರಿಂದ ಲಿಂಗ ಪರೀಕ್ಷೆಯ ಬಳಿಕ ಪದಕ ಕಿತ್ತುಕೊಳ್ಳಲಾಯಿತು. ಓಟಗಾರ್ತಿ ದ್ಯುತಿ ಚಾಂದ್ 2014ರಲ್ಲಿ ಹಾರ್ಮೋನ್ ಪ್ರಮಾಣದ ಕಾರಣಕ್ಕೆ ಹೊರಗುಳಿಯಬೇಕಾಯಿತು, 2015ರಲ್ಲಿ ಕ್ರೀಡಾ ನ್ಯಾಯಮಂಡಳಿಯಲ್ಲಿ ಹೋರಾಡಿ ಮರಳಿದರು, 2019ರಲ್ಲಿ ತಮ್ಮ ಸಂಗಾತಿ ಹೆಣ್ಣು ಎಂದು ಬಹಿರಂಗವಾಗಿ ಹೇಳಿದರು. ಇಷ್ಟು ಎತ್ತರಕ್ಕೆ ಏರಿದವರ ಪಾಡು ಹೀಗೆ. ಕಾಲೇಜು ಬಿಟ್ಟ ಮೇಲೆ ಶೂ ಮೂಲೆಗೆಸೆದವರ ಲೆಕ್ಕವನ್ನಂತೂ ಯಾರೂ ಇಟ್ಟಿಲ್ಲ.

ನಾವು ಬರೆಯಹೊರಟದ್ದು ಮುಖ್ಯವಾಗಿ ಇದಲ್ಲ. ‘ಎಲ್ಲರಿಗೂ ಮುಕ್ತ’ ಎಂಬುದನ್ನು ಬ್ಯಾನರಿನಲ್ಲಿ ಬರೆಯುವುದು ಸುಲಭ. ಅದು ನಿಜವಾಗುವುದು ಅರ್ಜಿ ನಮೂನೆಯಲ್ಲಿ, ಹೀಟ್ಸ್ (ಒಮ್ಮೆಗೆ ಓಡುವ ಅಥವಾ ಈಜುವ ಗುಂಪುಗಳ) ಪಟ್ಟಿಯಲ್ಲಿ, ಬಟ್ಟೆ ಬದಲಿಸುವ ಕೋಣೆಯಲ್ಲಿ, ಮೈಕ್ ಹಿಡಿದವರ ಬಾಯಲ್ಲಿ. ಗೇ ಗೇಮ್ಸ್‌ನಂಥ ಕೂಟಗಳೂ ವಯಸ್ಸಿನ ಗುಂಪುಗಳಲ್ಲಿ ನಡೆಯುವ ಮಾಸ್ಟರ್ಸ್ (ಹಿರಿಯರ) ಕ್ರೀಡಾಕೂಟಗಳೂ ದಶಕಗಳಿಂದ ರೂಢಿಸಿಕೊಂಡ ಈ ಕ್ರಮಗಳನ್ನು ಮಂಗಳೂರಿನಲ್ಲಿ ಎರಡು ದಿನದ ಸಣ್ಣ ಕೂಟಕ್ಕೆ ಇಳಿಸಬಹುದು. ಬೇಕಾದ ಜಾಗ ಇದೆ: ಮಂಗಳಾ ಕ್ರೀಡಾಂಗಣದ ಸಿಂಥೆಟಿಕ್ ಟ್ರ್ಯಾಕ್, ಎಮ್ಮೆಕೆರೆಯ ಈಜುಕೊಳ, ಸಂಜೆಗೆ ಪುರಭವನ. ಉಡುಪಿಯವರಿಗೆ ಅಜ್ಜರಕಾಡು ಇದೆ. ಕಾನೂನಿನ ಅಡ್ಡಿಯೂ ಇಲ್ಲ. ಸುಪ್ರೀಂ ಕೋರ್ಟಿನ 2018ರ ಸೆಪ್ಟೆಂಬರ್ 6ರ ತೀರ್ಪಿನ ನಂತರ ವಯಸ್ಕರ ಸಮ್ಮತಿಯ ಸಲಿಂಗ ಸಂಬಂಧ ಅಪರಾಧವಲ್ಲ. ಲಿಂಗತ್ವ ಅಲ್ಪಸಂಖ್ಯಾತರ ಗುರುತನ್ನು ಸುಪ್ರೀಂ ಕೋರ್ಟ್ 2014ರಲ್ಲೇ ಎತ್ತಿಹಿಡಿದಿದೆ.

ಎಲ್ಲರೂ ತಪ್ಪುವುದು ವಿಭಾಗ ಮಾಡುವಲ್ಲಿ. ಪುರುಷರು, ಮಹಿಳೆಯರು ಎಂದು ಎರಡು ಮಾಡಿ, ಕೊನೆಗೆ ‘ಇತರೆ’ ಎಂದು ಮೂರನೆಯದನ್ನು ಸೇರಿಸಿ, ಆ ಮೂರನೆಯವರನ್ನು ಬೇರೆಯಾಗಿ ಓಡಿಸಿದರೆ ಇಬ್ಬರೋ ಮೂವರೋ ಟ್ರ್ಯಾಕಿನ ನಡುವೆ ಪ್ರದರ್ಶನಕ್ಕೆ ನಿಂತಂತಾಗುತ್ತದೆ. ಮುಂದಿನ ವರ್ಷ ಅವರು ಬರುವುದಿಲ್ಲ. ಸರಿಯಾದ ಕ್ರಮ ಹೀಗಿದೆ: ಅರ್ಜಿಯಲ್ಲಿ ಮಹಿಳೆ, ಪುರುಷ, ಮುಕ್ತ ಎಂಬ ಮೂರು ವಿಭಾಗ ಕೊಡಿ. ಮೂರನೆಯದನ್ನು ಯಾರು ಬೇಕಾದರೂ ಆರಿಸಿಕೊಳ್ಳಬಹುದು ಎಂದು ಅಲ್ಲೇ ಬರೆಯಿರಿ. ಆಮೇಲೆ ಹೀಟ್ಸ್ ಕಟ್ಟುವಾಗ ವಿಭಾಗ ನೋಡಲೇಬೇಡಿ. ಪ್ರತಿಯೊಬ್ಬರೂ ಬರೆದುಕೊಟ್ಟ ಅಂದಾಜು ಸಮಯದ ಮೇಲೆ ನಿಧಾನದವರಿಂದ ವೇಗದವರವರೆಗೆ ಎಂಟೆಂಟು ಜನರನ್ನು ಜೋಡಿಸಿ. ಎಲ್ಲರೂ ಒಮ್ಮೆ ಮಾತ್ರ ಓಡುತ್ತಾರೆ, ಆ ಸಮಯವೇ ಅಂತಿಮ. ವಿಭಾಗ, ವಯಸ್ಸು ನೋಡುವುದು ಫಲಿತಾಂಶದ ಮೇಜಿನಲ್ಲಿ ಮಾತ್ರ. ಒಂದೇ ಹೀಟ್‌ನಲ್ಲಿ 62ರ ಅಜ್ಜ, 30ರ ಹೆಂಗಸು, ಮುಕ್ತ ವಿಭಾಗದ ಹುಡುಗ ಅಕ್ಕಪಕ್ಕ ನಿಂತಿರುತ್ತಾರೆ. ಗ್ಯಾಲರಿಯಲ್ಲಿ ಕುಳಿತವರಿಗೆ ಯಾರು ಯಾವ ವಿಭಾಗ ಎಂದು ಗೊತ್ತಾಗುವುದಿಲ್ಲ. ಗೊತ್ತಾಗಬೇಕಾದ ಅಗತ್ಯವೂ ಇಲ್ಲ. ಮಾಸ್ಟರ್ಸ್ ಈಜಿನಲ್ಲಿ ಬಹಳ ಕಾಲದಿಂದ ನಡೆಯುತ್ತಿರುವ ‘ಟೈಮ್ಡ್ ಫೈನಲ್’ ಪದ್ಧತಿ ಇದು.

ಸಮಯದ ಲೆಕ್ಕವೂ ಇದರಲ್ಲಿ ಹಿಡಿತಕ್ಕೆ ಬರುತ್ತದೆ. 100 ಮೀಟರ್ ಓಟಕ್ಕೆ 120 ಜನ ಇದ್ದರೆ 8 ಲೇನಿನಲ್ಲಿ 15 ಹೀಟ್ಸ್. ಒಂದಕ್ಕೆ 4 ನಿಮಿಷ ಹಿಡಿದರೂ ಒಂದು ಗಂಟೆಯಲ್ಲಿ ಮುಗಿಯಿತು. 50 ಮೀಟರ್ ಫ್ರೀಸ್ಟೈಲ್‌ನಲ್ಲಿ ನಿಧಾನದ ಈಜುಗಾರರಿಗೆ ಒಂದೂವರೆ ನಿಮಿಷ ಬೇಕಾಗುತ್ತದೆ, ಮುಂದಿನವರು ಸಜ್ಜಾಗಲು ಮತ್ತೊಂದು ನಿಮಿಷ. 64 ಜನ ಅಂದರೆ 20 ನಿಮಿಷ. 400 ಮೀಟರ್ ಈಜನ್ನು ಮೊದಲ ವರ್ಷ ಇಡಬೇಡಿ. ಒಂದು ನಿಧಾನದ ಹೀಟ್ ಹತ್ತು ನಿಮಿಷ ನುಂಗುತ್ತದೆ. ಸಮಯ ಗೊತ್ತಿಲ್ಲದೆ ಖಾಲಿ ಬಿಟ್ಟವರನ್ನು ಮೊದಲ, ಅಂದರೆ ಅತಿ ನಿಧಾನದ ಹೀಟ್‌ಗೆ ಹಾಕಿ. ಉತ್ಸಾಹದಲ್ಲಿ ಸುಳ್ಳು ಸಮಯ ಬರೆದು ವೇಗದ ಹೀಟ್‌ಗೆ ಸೇರಿಕೊಳ್ಳುವವರು ಎಲ್ಲ ಕೂಟದಲ್ಲೂ ಇರುತ್ತಾರೆ, ಅದಕ್ಕೆ ಮದ್ದಿಲ್ಲ.

ವಯೋಗುಂಪನ್ನು ಅಂತರರಾಷ್ಟ್ರೀಯ ಮಾಸ್ಟರ್ಸ್ ಕೂಟಗಳಲ್ಲಿ ಐದೈದು ವರ್ಷಕ್ಕೆ ಮಾಡುತ್ತಾರೆ. ನಮ್ಮಲ್ಲಿ 300 ಜನರ ಕೂಟಕ್ಕೆ ಅದನ್ನೇ ನಕಲು ಮಾಡಿದರೆ ಒಬ್ಬೊಬ್ಬರೇ ಇರುವ ಗುಂಪುಗಳು ಹುಟ್ಟಿ, ಓಡಿ ಮುಗಿಸಿದವರಿಗೆಲ್ಲ ಚಿನ್ನ ಸಿಕ್ಕಿ ಪದಕದ ಬೆಲೆಯೇ ಹೋಗುತ್ತದೆ. 18–29, 30–39, 40–49, 50–59, 60ರ ಮೇಲೆ ಎಂದು ಐದು ಗುಂಪು ಸಾಕು. ಐದು ಗುಂಪು, ಮೂರು ವಿಭಾಗ, ಮೂರು ಸ್ಥಾನ ಎಂದರೆ ಒಂದು ಸ್ಪರ್ಧೆಗೆ 45 ಪದಕ. ಆರು ಸ್ಪರ್ಧೆಗೆ 270. ಪದಕದ ಮೇಲೆ ಸ್ಪರ್ಧೆಯ ಹೆಸರು ಅಚ್ಚು ಹಾಕಿಸಬೇಡಿ. ಹಿಂದೆ ಸ್ಟಿಕ್ಕರ್ ಅಂಟಿಸಿದರೆ ಉಳಿದವು ಮುಂದಿನ ವರ್ಷಕ್ಕಾಗುತ್ತವೆ.

ಹುಟ್ಟಿನಲ್ಲಿ ಗಂಡೆಂದು ದಾಖಲಾಗಿ ಹೆಣ್ಣಾಗಿ ಗುರುತಿಸಿಕೊಂಡವರು ಮಹಿಳೆಯರ ವಿಭಾಗದಲ್ಲಿ ಓಡಿದರೆ ಅನ್ಯಾಯವಲ್ಲವೇ ಎಂಬ ಪ್ರಶ್ನೆ ಬಂದೇ ಬರುತ್ತದೆ. ಅದನ್ನು ತಳ್ಳಿಹಾಕಬೇಕಿಲ್ಲ. ವಿಶ್ವ ಈಜು ಸಂಸ್ಥೆ 2022ರಲ್ಲಿ, ವಿಶ್ವ ಅಥ್ಲೆಟಿಕ್ಸ್ ಸಂಸ್ಥೆ 2023ರಲ್ಲಿ ತಮ್ಮ ಉನ್ನತ ಮಟ್ಟದ ಸ್ಪರ್ಧೆಗಳಿಗೆ ಬಿಗಿಯಾದ ನಿಯಮ ತಂದಿವೆ. ಅದು ದಾಖಲೆ, ರ‍್ಯಾಂಕಿಂಗ್, ಆಯ್ಕೆ ಇರುವ ಲೋಕ. ಗೇ ಗೇಮ್ಸ್‌ನಲ್ಲಿ ಸ್ಪರ್ಧಿ ತಾನು ಗುರುತಿಸಿಕೊಂಡ ಲಿಂಗದ ವಿಭಾಗದಲ್ಲಿ ಹೆಸರು ಕೊಡುತ್ತಾರೆ. ಗುರಿ ತನ್ನ ಹಿಂದಿನ ಸಮಯವನ್ನು ಮೀರುವುದು. ಜಿಲ್ಲಾ ಆಯ್ಕೆಗೂ ಈ ಕೂಟಕ್ಕೂ ಸಂಬಂಧವಿಲ್ಲ ಎಂದು ನಿಯಮಾವಳಿಯ ಮೊದಲ ಸಾಲಿನಲ್ಲೇ ಬರೆದುಬಿಟ್ಟರೆ ಅರ್ಧ ಜಗಳ ಇರುವುದಿಲ್ಲ. ಮೈಗೆ ಮೈ ತಾಗುವ ಕಬಡ್ಡಿಗೆ ಕರಾವಳಿಯಲ್ಲಿ ಉತ್ತರ ಮೊದಲೇ ಇದೆ: ಇಲ್ಲಿನ ಹೊನಲು ಬೆಳಕಿನ ಪಂದ್ಯಾಟಗಳಲ್ಲಿ 55 ಕೆ.ಜಿ., 60 ಕೆ.ಜಿ. ಎಂದು ತೂಕ ನೋಡಿಯೇ ಅಂಕಣಕ್ಕೆ ಬಿಡುತ್ತಾರೆ. ಅದನ್ನೇ ಮುಂದುವರಿಸಿದರಾಯಿತು. ಹಗ್ಗಜಗ್ಗಾಟಕ್ಕೆ ಎಂಟು ಜನರ ಒಟ್ಟು ತೂಕಕ್ಕೆ ಮಿತಿ ಇಡಿ. ಆಟಿ ತಿಂಗಳ ‘ಕೆಸರ್‌ಡ್ ಒಂಜಿ ದಿನ’ (ಕೆಸರಿನಲ್ಲಿ ಒಂದು ದಿನ) ಆಟದಲ್ಲಿ ಊರಿಗೆ ಊರೇ ಗದ್ದೆಗಿಳಿದು ಎಳೆಯುವಾಗ ಯಾರು ಯಾರ ಪ್ರಮಾಣಪತ್ರ ಕೇಳಿದ್ದಾರೆ?

ಈಗ ಅರ್ಜಿ ನಮೂನೆ. ಹೆಸರಿಗೆ ಎರಡು ಅಂಕಣ ಬೇಕು: ಕರೆಯಬೇಕಾದ ಹೆಸರು, ಗುರುತಿನ ಚೀಟಿಯಲ್ಲಿರುವ ಹೆಸರು. ಎರಡನೆಯದು ಗುಂಪು ಅಪಘಾತ ವಿಮೆಗೆ ಮಾತ್ರ; ಅದನ್ನು ನೋಡುವವರು ಒಬ್ಬರೇ ಇರಲಿ. ಚೆಸ್ಟ್ ನಂಬರ್ ಪಟ್ಟಿ, ಹೀಟ್ಸ್ ಪಟ್ಟಿ, ಪ್ರಶಸ್ತಿಪತ್ರ ಮೂರರಲ್ಲೂ ಮೊದಲನೆಯ ಹೆಸರೇ ಬರಬೇಕು. ಎಕ್ಸೆಲ್ ಹಾಳೆಯಿಂದ ಪ್ರಶಸ್ತಿಪತ್ರ ಮುದ್ರಿಸುವಾಗ ತಪ್ಪು ಅಂಕಣ ಆಯ್ಕೆಯಾಗಿ ಹಳೆಯ ಹೆಸರು ಅಚ್ಚಾಗಿ ಬರುವುದು ಅತಿ ಸಾಮಾನ್ಯ ಎಡವಟ್ಟು. ಮುದ್ರಣಕ್ಕೆ ಕಳಿಸುವ ಹಾಳೆಯಲ್ಲಿ ಗುರುತಿನ ಚೀಟಿಯ ಅಂಕಣವನ್ನೇ ಅಳಿಸಿಬಿಡುವುದು ಒಳ್ಳೆಯದು. ತುರ್ತು ಸಂಪರ್ಕಕ್ಕೆ ‘ತಂದೆ/ಪತಿಯ ದೂರವಾಣಿ’ ಎಂದು ಕೇಳಬೇಡಿ. ಸ್ಪರ್ಧಿ ಆರಿಸಿದ ಒಬ್ಬರ ನಂಬರ್ ಸಾಕು. ಮನೆಗೆ ಕರೆ ಮಾಡಬೇಕಾಗಿ ಬಂದರೆ ಕೂಟವನ್ನು ಏನೆಂದು ಹೇಳಬೇಕು ಎಂಬುದನ್ನೂ ಕೇಳಿಟ್ಟುಕೊಳ್ಳಿ. ಬರುವವರಲ್ಲಿ ಹಲವರು ಮನೆಯಲ್ಲಿ ಏನೂ ಹೇಳಿರುವುದಿಲ್ಲ. ಕಾಲು ಉಳುಕಿದ ಕಾರಣಕ್ಕೆ ಅದು ಹೊರಬೀಳಬಾರದು.

ವಾಟ್ಸ್‌ಆ್ಯಪ್ ಗ್ರೂಪ್ ಮಾಡಲೇಬೇಡಿ. 300 ಜನರ ನಂಬರ್ 300 ಜನರಿಗೆ ಸಿಕ್ಕಿದರೆ ಅದರಲ್ಲಿ ಒಬ್ಬ ಸ್ಕ್ರೀನ್‌ಶಾಟ್ ತೆಗೆದರೂ ಮುಗಿಯಿತು. ಒಬ್ಬರ ನಂಬರ್ ಇನ್ನೊಬ್ಬರಿಗೆ ಕಾಣದ ಬ್ರಾಡ್‌ಕಾಸ್ಟ್ ಪಟ್ಟಿಗಳನ್ನು ಬಳಸಿ.

ಫೋಟೊ ಇನ್ನೂ ದೊಡ್ಡ ತಲೆನೋವು. ಕರಾವಳಿಯಲ್ಲಿ ಈಗ ಸಣ್ಣ ಪಂದ್ಯಾಟವೂ ಯೂಟ್ಯೂಬ್‌ನಲ್ಲಿ ನೇರಪ್ರಸಾರವಾಗುತ್ತದೆ, ಮೇಲೆ ಡ್ರೋನ್ ಹಾರುತ್ತದೆ. ಈ ಕೂಟಕ್ಕೆ ಎರಡೂ ಬೇಡ. ನೋಂದಣಿಯಲ್ಲೇ ‘ನನ್ನ ಫೋಟೊ ಬೇಡ’ ಎಂದವರಿಗೆ ಕೆಂಪು ಬಣ್ಣದ ಚೆಸ್ಟ್ ನಂಬರ್ ಕೊಡಿ. ಈಜಿನಲ್ಲಿ ಕಾಗದದ ಪಟ್ಟಿ ನಿಲ್ಲುವುದಿಲ್ಲ, ಅಲ್ಲಿ ಟೋಪಿಯ ಬಣ್ಣ: ಬಿಳಿ ಎಂದರೆ ಆಗಬಹುದು, ಕೆಂಪು ಎಂದರೆ ಬೇಡ. ಪತ್ರಿಕಾ ಛಾಯಾಗ್ರಾಹಕರಿಗೆ ಪದಕ ವೇದಿಕೆಯ ಎದುರು ಒಂದೇ ಜಾಗ ಗುರುತಿಸಿ. ಒಪ್ಪಿದವರು ಅಲ್ಲಿಗೆ ಬಂದು ನಿಲ್ಲುತ್ತಾರೆ.

ಬಟ್ಟೆ ಬದಲಿಸುವ ಕೋಣೆ. ನಮ್ಮ ಬಹುತೇಕ ಈಜುಕೊಳ, ಕ್ರೀಡಾಂಗಣಗಳಲ್ಲಿ ಗಂಡಸರದ್ದೊಂದು, ಹೆಂಗಸರದ್ದೊಂದು ಹಾಲ್. ಒಳಗೆ ಮರೆ ಕಡಿಮೆ. ಮೂರನೆಯ ಹಾಲ್ ಹುಡುಕಿ ಬೋರ್ಡ್ ತಗಲಿಸುವುದರಿಂದ ಮತ್ತೆ ಅದೇ ಪ್ರದರ್ಶನದ ಸಮಸ್ಯೆ. ಶಾಮಿಯಾನದವರಿಗೆ ಹೇಳಿ 4 ಅಡಿ ಉದ್ದ, 4 ಅಡಿ ಅಗಲದ, ಒಳಗಿನಿಂದ ಚಿಲಕ ಹಾಕಬಹುದಾದ ಗೂಡುಗಳನ್ನು ಸಾಲಾಗಿ ಕಟ್ಟಿಸಿ, ಎಲ್ಲರೂ ಅದನ್ನೇ ಬಳಸಲಿ. 15 ಜನಕ್ಕೊಂದು ಇದ್ದರೆ ಸಾಲು ಬೆಳೆಯುವುದಿಲ್ಲ. ಬರೀ ಬಟ್ಟೆಯ ಪರದೆ ಬೇಡ, ಕಡಲ ಗಾಳಿಗೆ ಹಾರುತ್ತದೆ. ಪ್ಲೈವುಡ್ ಹಲಗೆಯೇ ಆಗಬೇಕು. ಈಜುಡುಗೆಯ ನಿಯಮ ಸಡಿಲವಿರಲಿ: ಮೈಗಂಟುವ ಅರ್ಧ ತೋಳಿನ ಅಂಗಿ, ಮಂಡಿಯವರೆಗಿನ ಚಡ್ಡಿಗೆ ಅವಕಾಶ ಕೊಡಿ. ಸಡಿಲವಾದ ಹತ್ತಿ ಟೀ ಶರ್ಟ್ ಮಾತ್ರ ಬೇಡ, ನೀರು ಕುಡಿದು ಭಾರವಾಗಿ ಎಳೆಯುತ್ತದೆ. ಎದೆ ಚಪ್ಪಟೆಯಾಗಿ ಕಾಣಲು ಬಿಗಿಯಾದ ಬೈಂಡರ್ ಕಟ್ಟಿಕೊಳ್ಳುವ ಟ್ರಾನ್ಸ್ ಪುರುಷರಿಗೆ (ಹುಟ್ಟಿನಲ್ಲಿ ಹೆಣ್ಣೆಂದು ದಾಖಲಾಗಿ ಗಂಡಾಗಿ ಗುರುತಿಸಿಕೊಂಡವರಿಗೆ) ಓಟದಲ್ಲೂ ಈಜಿನಲ್ಲೂ ಅದನ್ನು ತೆಗೆದು ಸ್ಪೋರ್ಟ್ಸ್ ಬ್ರಾ ಹಾಕಿಕೊಳ್ಳುವಂತೆ ಮುಂಚಿತವಾಗಿ ಬರೆದು ತಿಳಿಸಬೇಕು. ಪಕ್ಕೆಲುಬು ಅಗಲವಾಗಲು ಬಿಡದ ಬಟ್ಟೆಯಲ್ಲಿ ಉಸಿರು ಪೂರ್ತಿ ಎಳೆಯಲಾಗುವುದಿಲ್ಲ, ನಮ್ಮ ಸೆಕೆಯಲ್ಲಿ ತಲೆಸುತ್ತಿ ಬೀಳುತ್ತಾರೆ. ಕೊಳದ ಬದಿಯಲ್ಲಿ ಕನಿಷ್ಠ ನಾಲ್ವರು ಜೀವರಕ್ಷಕರಿರಲಿ. ‘ಈಜು ಬರುತ್ತದೆ’ ಎಂಬ ಸಹಿಯನ್ನು ನಂಬದೆ ಹಿಂದಿನ ಸಂಜೆ 50 ಮೀಟರ್ ಈಜಿಸಿ ನೋಡಿ.

ಇಷ್ಟೆಲ್ಲ ಮಾಡಿದ ಮೇಲೂ ಕೂಟವನ್ನು ಕೆಡಿಸಬಲ್ಲವರು ಒಬ್ಬರಿದ್ದಾರೆ, ಉದ್ಘೋಷಕರು. ಪಂದ್ಯಾಟದ ಕಾಮೆಂಟರಿಯ ರುಚಿ ಇರುವುದೇ ತುಳು ಚಟಾಕಿಯಲ್ಲಿ, ಒಪ್ಪೋಣ. ಆದರೆ ನಡಿಗೆ, ದನಿ, ಉಡುಪಿನ ಮೇಲೆ ಒಂದೇ ಒಂದು ಚಟಾಕಿ ಹಾರಿದರೆ ಮೈದಾನವಿಡೀ ನಕ್ಕು, ಆರು ತಿಂಗಳ ತಯಾರಿ ನೀರುಪಾಲು. ಎರಡು ದಿನ ಮೊದಲೇ ಉದ್ಘೋಷಕರನ್ನು ಕೂರಿಸಿಕೊಂಡು ಚೆಸ್ಟ್ ನಂಬರ್, ಕರೆಯುವ ಹೆಸರು, ಊರು ಇಷ್ಟೇ ಇರುವ ಹಾಳೆ ಕೊಟ್ಟು, ಅದರಾಚೆಗೆ ಸ್ಪರ್ಧಿಯ ಬಗ್ಗೆ ಏನೂ ಬೇಡ ಎನ್ನಬೇಕು. ಚಟಾಕಿ ಬೇಕಿದ್ದರೆ ಸಂಘಟಕರ ಮೇಲೆ ಹಾರಿಸಲಿ.

ದಿನ ನಿಗದಿ ನಾಜೂಕಿನ ಕೆಲಸ. ಜೂನ್‌ನಿಂದ ಸೆಪ್ಟೆಂಬರ್ ಮಳೆ, ಏಪ್ರಿಲ್–ಮೇ ಬೆವರು. ನವೆಂಬರ್ ಬಳಿಕ ವಾರಾಂತ್ಯವೆಲ್ಲ ಕಂಬಳಕ್ಕೆ, ಡಿಸೆಂಬರ್ ಶಾಲಾ ವಾರ್ಷಿಕೋತ್ಸವಕ್ಕೆ ಮತ್ತು ಕ್ರಿಸ್‌ಮಸ್‌ಗೆ. ಜನವರಿಯ ಎರಡನೆಯ ಅರ್ಧ ನಮಗೆ ಸೂಕ್ತ ಕಾಣುತ್ತದೆ, ಹತ್ತಿರ ಕಂಬಳವಿಲ್ಲದ ವಾರ ನೋಡಿಕೊಂಡು. ಓಟದ ಸ್ಪರ್ಧೆ ಶನಿವಾರ ಬೆಳಗ್ಗೆ 6ಕ್ಕೆ ಶುರುವಾಗಿ 9ರೊಳಗೆ ಮುಗಿಯಲಿ, ಈಜು ಸಂಜೆಗಿರಲಿ. ಆದಿತ್ಯವಾರ ಬೆಳಗ್ಗೆ ಇಗರ್ಜಿಯ ಪೂಜೆಗೆ ಹೋಗುವವರಿಗೆ ಬಿಡುವು ಬಿಟ್ಟು 10ರ ನಂತರ ಒಳಾಂಗಣದ ಆಟ. 5 ಕಿ.ಮೀ. ರಸ್ತೆ ಓಟ ಬೇಕಿದ್ದರೆ ನಗರದ ಏರಿಳಿತ ಬಿಟ್ಟು ತಣ್ಣೀರುಬಾವಿ ಕಡೆಯ ಸಪಾಟು ದಾರಿ ಹಿಡಿಯಿರಿ. 300 ಜನಕ್ಕೆ ಮೂರು ಕಡೆ 200 ಮಿ.ಲೀ. ನೀರು ಎಂದರೆ 180 ಲೀಟರ್; 250 ಲೀಟರ್ ಇಟ್ಟುಕೊಳ್ಳಿ. ಓಆರ್‌ಎಸ್‌ನ ದೊಡ್ಡ ಪೊಟ್ಟಣಕ್ಕೆ ಒಂದೇ ಲೀಟರ್ ನೀರು. ‘ಎಲ್ಲರಿಗೂ ಸಿಗಲಿ’ ಎಂದು ಸ್ವಯಂಸೇವಕರು ಮೂರು ಲೀಟರಿಗೆ ಕದಡಿದರೆ ಅದು ಬರೀ ನೀರಿಗೆ ಸಮ.

ಅನುಮತಿಯ ಅರ್ಜಿಯಲ್ಲಿ ಏನನ್ನೂ ಮುಚ್ಚಿಡಬೇಡಿ. ‘ಸ್ನೇಹಕೂಟ’ ಎಂದು ಬರೆದು ಪಡೆದ ಪರವಾನಗಿ ಯಾರೋ ಒಬ್ಬರು ಫೋನ್ ಮಾಡಿದೊಡನೆ ಮುನ್ನಾದಿನ ರದ್ದಾಗುತ್ತದೆ, ಆಗ ವಾದಿಸಲು ನಿಮ್ಮ ಕೈಯಲ್ಲಿ ಏನೂ ಇರುವುದಿಲ್ಲ. ಎಲ್ಲರಿಗೂ ಮುಕ್ತವಾದ, ಲೈಂಗಿಕ ಅಲ್ಪಸಂಖ್ಯಾತರನ್ನು ವಿಶೇಷವಾಗಿ ಸ್ವಾಗತಿಸುವ ಕ್ರೀಡಾಕೂಟ ಎಂದೇ ಬರೆದು, ಅಂದಾಜು ಜನಸಂಖ್ಯೆ, ಮಾರ್ಗದ ನಕ್ಷೆ, ವಾಹನ ನಿಲುಗಡೆ, ಆ್ಯಂಬುಲೆನ್ಸ್ ವಿವರ ಲಗತ್ತಿಸಿ ಒಂದು ತಿಂಗಳು ಮೊದಲೇ ಕೊಡಿ. ಮಂಗಳೂರಿನಲ್ಲಿ ಪೊಲೀಸ್ ಕಮಿಷನರ್ ಕಚೇರಿಗೆ, ಉಡುಪಿಯಲ್ಲಿ ಎಸ್ಪಿ ಕಚೇರಿಗೆ. ಮೈದಾನಕ್ಕೆ, ಧ್ವನಿವರ್ಧಕಕ್ಕೆ ಬೇರೆ ಬೇರೆ ಅರ್ಜಿ. ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳದೆ ಹಿಂದಿರುಗಬೇಡಿ. ನೈತಿಕ ಪೊಲೀಸ್‌ಗಿರಿಯ ಭಯ ಈ ಊರಿನಲ್ಲಿ ಇಲ್ಲದ್ದೇನಲ್ಲ. ಹಾಗಾಗಿ ಗೇಟಿನಲ್ಲಿ ನೋಂದಣಿ ಚೀಟಿ ನೋಡಿ ಬಿಡುವ ವ್ಯವಸ್ಥೆ, ಕೂಟ ಮುಗಿದ ಮೇಲೆ ಬಸ್ ನಿಲ್ದಾಣ, ರೈಲು ನಿಲ್ದಾಣಕ್ಕೆ ಗುಂಪಾಗಿ ಬಿಡುವ ವಾಹನ ಬೇಕು. ಹೊರಗಿನವರ ವಸತಿಗೆ ಲಾಡ್ಜ್ ಮಾಲೀಕರ ಜತೆ ಮೊದಲೇ ಬರೆವಣಿಗೆಯಲ್ಲಿ ಮಾತಾಡಿಟ್ಟುಕೊಳ್ಳಿ. ರಾತ್ರಿ ಕೌಂಟರಿನಲ್ಲಿ ಮುಖ ನೋಡಿ ‘ರೂಮ್ ಇಲ್ಲ’ ಎನ್ನಿಸಿಕೊಳ್ಳುವುದು ಮಂಗಳಮುಖಿಯರಿಗೆ ಹೊಸತಲ್ಲ.

ಹಣದ ವಿಷಯದಲ್ಲಿ ದೊಡ್ಡವರೇ ಎಡವಿದ್ದಾರೆ. 1998ರ ಆಮ್‌ಸ್ಟರ್‌ಡ್ಯಾಂ ಕೂಟವನ್ನು ನಗರಾಡಳಿತ ಕೈಹಿಡಿದು ಎತ್ತಬೇಕಾಯಿತು. 2002ರ ಸಿಡ್ನಿ ಸಾಲದಲ್ಲಿ ಮುಗಿಯಿತು. 2006ರ ಆತಿಥ್ಯ ಪಡೆದಿದ್ದ ಮಾಂಟ್ರಿಯಲ್, ಕೂಟದ ಗಾತ್ರ ಮತ್ತು ಹಣದ ಹಿಡಿತದ ವಿಚಾರದಲ್ಲಿ ಗೇ ಗೇಮ್ಸ್ ಒಕ್ಕೂಟದೊಂದಿಗೆ ಮುರಿದುಕೊಂಡು ‘ಔಟ್‌ಗೇಮ್ಸ್’ ಎಂಬ ಬೇರೆ ಕೂಟವನ್ನೇ ನಡೆಸಿ ಭಾರೀ ನಷ್ಟ ಮಾಡಿಕೊಂಡಿತು. ಅದೇ ಔಟ್‌ಗೇಮ್ಸ್ 2017ರಲ್ಲಿ ಮಿಯಾಮಿಯಲ್ಲಿ, ಜನ ವಿಮಾನ ಇಳಿದು ಬಂದ ಮೇಲೆ, ಉದ್ಘಾಟನೆಯ ದಿನವೇ ಬಹುತೇಕ ಸ್ಪರ್ಧೆಗಳನ್ನು ರದ್ದು ಮಾಡಿತು. ಮಿಯಾಮಿಯ ಬಳಿಕ ಆ ಹೆಸರೇ ಅಳಿಸಿಹೋಯಿತು. ಇಂಥ ಕೂಟಗಳ ಕಾಯಿಲೆ ಒಂದೇ: ಬರುತ್ತಾರೆ ಎಂದುಕೊಂಡ ಜನರ, ಕೊಡುತ್ತಾರೆ ಎಂದುಕೊಂಡ ಪ್ರಾಯೋಜಕರ ಲೆಕ್ಕದಲ್ಲಿ ಖರ್ಚು ಮಾಡುವುದು. ಮೊದಲ ಕೂಟ 300 ಜನಕ್ಕೆ ನಿಲ್ಲಲಿ. ಕೈಗೆ ಬಂದ ಹಣದಿಂದ ಮೊದಲು ಮೈದಾನ, ವಿಮೆ, ಆ್ಯಂಬುಲೆನ್ಸ್, ಆಮೇಲೆ ಊಟ, ಕೊನೆಗೆ ವೇದಿಕೆಯ ಅಲಂಕಾರ. ಕಟ್ಟಲಾಗದವರಿಗೆ ಶುಲ್ಕ ವಿನಾಯಿತಿ ಇರಲಿ. ಗೇ ಗೇಮ್ಸ್‌ನಲ್ಲೂ ದೂರದ ದೇಶದವರಿಗೆ ವಿದ್ಯಾರ್ಥಿವೇತನದಂಥ ನೆರವು ಇದೆ.

ಸಂಸ್ಕೃತಿಯ ಭಾಗವನ್ನು ಬಾಲದಂತೆ ಅಂಟಿಸುವುದು ಬೇಡ. ಗೇ ಗೇಮ್ಸ್‌ನಲ್ಲಿ ವಾದ್ಯವೃಂದ, ಗಾಯನ ತಂಡ, ಒಂದೇ ಲಿಂಗದ ಜೋಡಿಗಳ ಬಾಲ್‌ರೂಂ ನೃತ್ಯ ಎಲ್ಲವೂ ಕಾರ್ಯಕ್ರಮದ ಅಂಗ. ಈಜಿನ ಕೊನೆಯಲ್ಲಿ ತಂಡಗಳು ವೇಷ ಹಾಕಿಕೊಂಡು ಪ್ಲಾಸ್ಟಿಕ್ಕಿನ ಗುಲಾಬಿ ಫ್ಲೆಮಿಂಗೊ ಹಕ್ಕಿ ಹಿಡಿದು ನಡೆಸುವ ‘ಪಿಂಕ್ ಫ್ಲೆಮಿಂಗೊ’ ರಿಲೇ ನೋಡಲು ಟಿಕೆಟ್ ಸಿಗುವುದು ಕಷ್ಟವಂತೆ. ನಮ್ಮಲ್ಲಿ ಅದಕ್ಕೆ ಹುಲಿವೇಷ ಸಾಕಷ್ಟಾಯಿತು, ಬಣ್ಣ ಮಾತ್ರ ಕೊಳದ ನೀರಿಗಿಳಿಯದಿರಲಿ. ಸಂಜೆ ಪುರಭವನದಲ್ಲಿ ಮಹಿಳಾ ತಂಡದ ಯಕ್ಷಗಾನ ಇಡಬಹುದು, ಒಂದೂವರೆ ಗಂಟೆಗೆ ಹೊಂದಿಸಿದ ಪ್ರಸಂಗ. ಗಂಡಸರ ಸ್ತ್ರೀವೇಷ ತೋರಿಸಿ ‘ನಮ್ಮ ಪರಂಪರೆಯಲ್ಲಿ ಇದೆಲ್ಲ ಮೊದಲೇ ಇತ್ತು’ ಎಂದು ಭಾಷಣ ಮಾಡುವ ಆಸೆ ಅತಿಥಿಗಳಿಗೆ ಬರುತ್ತದೆ. ಅದು ಸುಲಭದ ಮಾತು. ಚೌಕಿಯಲ್ಲಿ (ಬಣ್ಣದ ಮನೆಯಲ್ಲಿ) ಬಣ್ಣ ತೆಗೆದ ಮೇಲೆ ಕಲಾವಿದ ಮನೆಗೆ ಹೋಗುತ್ತಾನೆ. ಲೈಂಗಿಕ ಅಲ್ಪಸಂಖ್ಯಾತರಿಗೆ ತೆಗೆದಿಡಲು ವೇಷ ಯಾವುದೂ ಇಲ್ಲ. ಜೋಗತಿ ನೃತ್ಯದ ಮಂಜಮ್ಮ ಜೋಗತಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾಗಿ, ಪದ್ಮಶ್ರೀ ಪಡೆದ ನಾಡು ಇದು. ಅಂಥ ಕಲೆಗೆ ವೇದಿಕೆ ಕೊಟ್ಟರೆ ಭಾಷಣವೇ ಬೇಕಿಲ್ಲ. ರಾತ್ರಿ 10ಕ್ಕೆ ಧ್ವನಿವರ್ಧಕ ನಿಲ್ಲಿಸಿಬಿಡುವುದು ಒಳ್ಳೆಯದು, ಆದ್ದರಿಂದ ಭಾಗವತರಿಗೆ 8ಕ್ಕೇ ವೇದಿಕೆ ಬಿಟ್ಟುಕೊಡಿ.

ಪತ್ರಿಕೆಗೂ ಒಂದು ಕೋರಿಕೆ. ಇಂಥ ಕೂಟ ನಡೆದರೆ ಅದರ ಫಲಿತಾಂಶವನ್ನು ಕ್ರೀಡಾಪುಟದಲ್ಲಿ ಉಳಿದ ಕೂಟಗಳಂತೆಯೇ, ಸಂಘಟಕರು ಕೊಟ್ಟ ಹೆಸರಿನಲ್ಲಿ, ಸ್ಪರ್ಧೆ ಮತ್ತು ಸಮಯದೊಂದಿಗೆ ಪ್ರಕಟಿಸಿ. ಊರು, ಉದ್ಯೋಗ, ಮನೆಯವರ ವಿವರ ಬೇಡ. ಕೆಂಪು ನಂಬರಿನವರು ಹಿನ್ನೆಲೆಯಲ್ಲಿ ಮಸುಕಾಗಿ ಕಂಡರೂ ಆ ಚಿತ್ರ ಬೇಡ.

– ಕರಾವಳಿಯ ಕೆಲವು ದೈಹಿಕ ಶಿಕ್ಷಣ ಶಿಕ್ಷಕರು ಮತ್ತು ಕ್ರೀಡಾ ತೀರ್ಪುಗಾರರು, ಮಂಗಳೂರು